ನಲವತ್ತು ಪಟ್ಟು ವೇಗದ ಲೆಕ್ಕ: ಲಿನಕ್ಸ್ ಮೆಮೊರಿ ನಿರ್ವಹಣೆಯ ಒಂದು ತಿದ್ದುಪಡಿಯ ವಿಮರ್ಶೆ

2024ರ ನವೆಂಬರ್ ತಿಂಗಳಲ್ಲಿ ಇಂಟೆಲ್ ಕಂಪನಿಯ ಸ್ವಯಂಚಾಲಿತ ಪರೀಕ್ಷಾ ವ್ಯವಸ್ಥೆಯು ಲಿನಕ್ಸ್ ಕರ್ನೆಲ್‌ನ ಒಂದು ತಿದ್ದುಪಡಿಯನ್ನು ಪರೀಕ್ಷಿಸಿ, ಕಾರ್ಯಕ್ಷಮತೆಯಲ್ಲಿ ಪ್ರತಿಶತ 3888.9ರಷ್ಟು ಸುಧಾರಣೆಯಾಗಿದೆ ಎಂದು ವರದಿ ಮಾಡಿತು. ಅಂದರೆ ಸುಮಾರು 40 ಪಟ್ಟು ವೇಗ. ತಿದ್ದಿದ್ದು ಎಷ್ಟು ಸಾಲು ಎಂದು ನೋಡಿದರೆ, ಒಂದು ಷರತ್ತಿನ ಸಾಲು ಮಾತ್ರ. ತಂತ್ರಜ್ಞಾನದ ಸುದ್ದಿ ಬರೆಯುವವರಿಗೆ ಇದಕ್ಕಿಂತ ರುಚಿಕರವಾದದ್ದು ಬೇರೆ ಬೇಕಿರಲಿಲ್ಲ. ಅಂಕಿ ಎಲ್ಲೆಡೆ ಹರಿದಾಡಿತು. ಅದು ಏನನ್ನು ಅಳೆಯಿತು ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರಲಿಲ್ಲ.

ಅಂಕಿ ಸುಳ್ಳಲ್ಲ. ಆದರೆ ಆ ತಿದ್ದುಪಡಿಯ ನಿಜವಾದ ಬೆಲೆ ಆ ಅಂಕಿಯಲ್ಲಿಲ್ಲ. ಅದರ ಹಿಂದೆ ಐನ್‌ಸ್ಟೈನರ ಸಮೀಕರಣಗಳನ್ನು ಬಿಡಿಸುವ ಒಂದು ಪ್ರೋಗ್ರಾಂ ವಿನಾಕಾರಣ ನಿಧಾನವಾದ ಕತೆ ಇದೆ. ಭೌತವಿಜ್ಞಾನ ಕಲಿಸುವವರಿಗೂ ಗಣಕ ಬಳಸುವವರಿಗೂ ಆ ಕತೆ ಮುಖ್ಯ. ತಿದ್ದುಪಡಿ ಸರಿಯೇ, ಎಷ್ಟರಮಟ್ಟಿಗೆ ಸರಿ, ಅದು ಯಾವುದನ್ನು ಸರಿಪಡಿಸಲಿಲ್ಲ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಅಗತ್ಯವಿದ್ದಷ್ಟು ಹಿನ್ನೆಲೆ. ಗಣಕದ ಕಾರ್ಯಾಚರಣ ವ್ಯವಸ್ಥೆಯು ಮೆಮೊರಿಯನ್ನು ಪುಟಗಳಾಗಿ ಹಂಚುತ್ತದೆ. ನಮ್ಮ ಸಾಮಾನ್ಯ ಗಣಕಗಳಲ್ಲಿ ಒಂದು ಪುಟವೆಂದರೆ 4 ಕಿಲೋಬೈಟ್. ಪ್ರೋಗ್ರಾಂ ಬಳಸುವ ವಿಳಾಸ ಕಾಲ್ಪನಿಕ. ಅದನ್ನು ನಿಜವಾದ ಮೆಮೊರಿಯ ವಿಳಾಸಕ್ಕೆ ಬದಲಿಸಬೇಕು. ಈ ಬದಲಾವಣೆಯ ಇತ್ತೀಚಿನ ಲೆಕ್ಕಗಳನ್ನು ಸಂಸ್ಕಾರಕವು ಟಿಎಲ್‌ಬಿ ಎಂಬ ಚಿಕ್ಕ ಕೋಷ್ಟಕದಲ್ಲಿ ಇಟ್ಟುಕೊಂಡಿರುತ್ತದೆ. ಬೇಕಾದ ಪುಟದ ನಮೂದು ಅಲ್ಲಿ ಸಿಗದಿದ್ದರೆ ಮೆಮೊರಿಯಲ್ಲಿರುವ ದೊಡ್ಡ ಕೋಷ್ಟಕದ ಹಲವು ಮೆಟ್ಟಿಲು ಹತ್ತಿಳಿಯಬೇಕು, ಕಾಲ ವ್ಯರ್ಥ. ಇದಕ್ಕೆ ಪರಿಹಾರವಾಗಿ 2 ಮೆಗಾಬೈಟ್‌ನ ದೊಡ್ಡ ಪುಟಗಳಿವೆ. 512 ಚಿಕ್ಕ ಪುಟಗಳ ಕೆಲಸವನ್ನು ಒಂದು ನಮೂದು ಮಾಡುತ್ತದೆ. ಬಳಕೆದಾರ ಕೇಳದೆಯೇ ಕರ್ನೆಲ್ ತಾನಾಗಿ ದೊಡ್ಡ ಪುಟ ಕೊಡುವ ವ್ಯವಸ್ಥೆ 2011ರಲ್ಲಿ ಲಿನಕ್ಸ್ 2.6.38ರೊಂದಿಗೆ ಬಂತು. ಒಂದೇ ನಿಬಂಧನೆ: ದೊಡ್ಡ ಪುಟವು 2 ಮೆಗಾಬೈಟ್‌ನ ಗುಣಕವಾದ ವಿಳಾಸದಲ್ಲೇ ಆರಂಭವಾಗಬೇಕು.

ಇಲ್ಲಿಂದ ತೊಡಕು. ಒಂದು ಪ್ರೋಗ್ರಾಂ 5 ಮೆಗಾಬೈಟ್ ಕೇಳಿದಾಗ ಕರ್ನೆಲ್ ಅದನ್ನು ಹಿಂದಿನ ತುಂಡಿಗೆ ತಗುಲಿಸಿ, ಎಲ್ಲಿಂದಲೋ ಆರಂಭಿಸಿ ಕೊಟ್ಟರೆ, ಆ 5 ಮೆಗಾಬೈಟ್‌ನಲ್ಲಿ ಗಡಿಗೆ ಸರಿಯಾಗಿ ಹೊಂದುವ ದೊಡ್ಡ ಪುಟ ಒಂದೇ ಸಿಗಬಹುದು. ಗಡಿಯಿಂದಲೇ ಆರಂಭಿಸಿ ಕೊಟ್ಟರೆ ಖಂಡಿತವಾಗಿ ಎರಡು ಸಿಗುತ್ತವೆ. ಆದ್ದರಿಂದ 2 ಮೆಗಾಬೈಟ್ ಅಥವಾ ಅದಕ್ಕಿಂತ ದೊಡ್ಡ ಕೋರಿಕೆ ಬಂದಾಗಲೆಲ್ಲ 2 ಮೆಗಾಬೈಟ್ ಗಡಿಗೆ ಹೊಂದಿಸಿಯೇ ಕೊಡೋಣ ಎಂದು ರಿಕ್ ವಾನ್ ರೀಲ್ ಎಂಬ ಅನುಭವಿ ಕರ್ನೆಲ್ ತಜ್ಞರು 2022ರಲ್ಲಿ ಬದಲಾವಣೆ ಸೂಚಿಸಿದರು. ತರ್ಕ ಸ್ವಚ್ಛವಾಗಿದೆ, ಯಾರಾದರೂ ಒಪ್ಪುವಂಥದ್ದು.

ಒಪ್ಪದಿದ್ದದ್ದು ಮಾಪನ. ಅದೇ ಪರೀಕ್ಷಾ ವ್ಯವಸ್ಥೆಯು ಒಂದು ಪರೀಕ್ಷೆಯಲ್ಲಿ ಸುಮಾರು 95 ಪ್ರತಿಶತ ನಷ್ಟ ತೋರಿಸಿತು. ಕ್ಲ್ಯಾಂಗ್ ಸಂಕಲಕದಿಂದ ಕರ್ನೆಲ್ ಕಟ್ಟುವ ಕೆಲಸವೂ ನಿಧಾನವಾಯಿತು. 2022ರ ಕೊನೆಯಲ್ಲಿ, ಲಿನಕ್ಸ್ 6.1 ಹೊರಬೀಳುವ ಮೊದಲೇ, ಲೈನಸ್ ಟೊರ್ವಾಲ್ಡ್ಸ್ ಅದನ್ನು ಹಿಂತೆಗೆದರು. ಒಂದು ವರ್ಷದ ನಂತರ ಅದೇ ಬದಲಾವಣೆ ಮತ್ತೆ ಒಳಬಂತು. 2024ರ ಜನವರಿ 7ರಂದು ಬಿಡುಗಡೆಯಾದ ಲಿನಕ್ಸ್ 6.7ರಲ್ಲಿ ಅದು ಸೇರಿತ್ತು. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04 ಬಳಸಿದ್ದು ಕರ್ನೆಲ್ 6.8. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಹೊಸದಾಗಿ ಲಿನಕ್ಸ್ ಹಾಕುವವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಉಬುಂಟುವನ್ನೇ. ಹಳೆಯ ಡೆಬಿಯನ್ 12 ಇಟ್ಟುಕೊಂಡವರು 6.1ರಲ್ಲೇ ಇದ್ದರು, ಅವರಿಗೆ ಈ ತೊಂದರೆ ತಟ್ಟಲಿಲ್ಲ. ಹೊಸದು ಯಾವಾಗಲೂ ಒಳ್ಳೆಯದು ಎನ್ನುವವರು ಇದನ್ನು ನೆನಪಿಡಬಹುದು.

ಆಮೇಲೆ ದೂರುಗಳು ಬರತೊಡಗಿದವು. ಛಾಯಾಚಿತ್ರ ಸಂಸ್ಕರಿಸುವ ಡಾರ್ಕ್‌ಟೇಬಲ್ ಎಂಬ ಮುಕ್ತ ತಂತ್ರಾಂಶ ನಿಧಾನವಾಯಿತು. ಸ್ಪೆಕ್ ಸಂಸ್ಥೆಯ 2017ರ ಪರೀಕ್ಷಾ ಗುಚ್ಛದಲ್ಲಿರುವ ಕ್ಯಾಕ್ಟುಬಿಎಸ್‌ಎಸ್‌ಎನ್ ಎಂಬ ಪ್ರೋಗ್ರಾಂ ಕೆಲವು ಯಂತ್ರಗಳಲ್ಲಿ 600 ಪ್ರತಿಶತದವರೆಗೆ ನಿಧಾನವಾಯಿತು. (600 ಪ್ರತಿಶತ ನಿಧಾನವೆಂದರೆ ಆರು ಪಟ್ಟು ಕಾಲವೋ ಏಳು ಪಟ್ಟೋ ಎಂಬುದು ಇಂಥ ವರದಿಗಳಲ್ಲಿ ಸ್ಪಷ್ಟವಿರುವುದಿಲ್ಲ. ಬಿ.ಎಸ್‌ಸಿ. ವಿದ್ಯಾರ್ಥಿ ಪ್ರಯೋಗ ಪುಸ್ತಕದಲ್ಲಿ ಹೀಗೆ ಬರೆದರೆ ನಾವು ಕೆಂಪು ಶಾಯಿ ಹಚ್ಚುತ್ತೇವೆ.)

ಈ ಎರಡನೆಯ ಪ್ರೋಗ್ರಾಂ ಯಾವುದೋ ಕೃತಕ ಕಸರತ್ತು ಅಲ್ಲ. ನಿರ್ವಾತದಲ್ಲಿ ಐನ್‌ಸ್ಟೈನರ ಗುರುತ್ವ ಸಮೀಕರಣಗಳನ್ನು ಸಂಖ್ಯಾತ್ಮಕವಾಗಿ ಬಿಡಿಸುವ ನೈಜ ತಂತ್ರಾಂಶದಿಂದ ಅದನ್ನು ತೆಗೆಯಲಾಗಿದೆ. ಹೆಸರಿನ ಬಾಲದಲ್ಲಿರುವ ನಾಲ್ಕು ಅಕ್ಷರಗಳು ಬೌಮ್‌ಗಾರ್ಟೆ, ಶಪಿರೋ, ಶಿಬಾಟಾ, ನಾಕಾಮುರಾ ಎಂಬ ನಾಲ್ವರು ಭೌತವಿಜ್ಞಾನಿಗಳವು. ಸಮೀಕರಣಗಳನ್ನು ಗಣಕಕ್ಕೆ ಒಗ್ಗುವಂತೆ, ಲೆಕ್ಕ ನಡುವೆ ಸಿಡಿದುಹೋಗದಂತೆ, ಮರುಬರೆದ ಕ್ರಮ ಅದು. ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಹೊರಡುವ ಗುರುತ್ವ ಅಲೆಯ ಆಕಾರವನ್ನು ಮೊದಲೇ ಲೆಕ್ಕ ಹಾಕಲು ಇಂಥ ಕ್ರಮಗಳೇ ಆಧಾರ. ಇದರಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಸಿ. ವಿ. ವಿಶ್ವೇಶ್ವರ (1938-2017) ಅವರು 1970ರಲ್ಲಿ, ಕಪ್ಪುಕುಳಿಯೊಂದಕ್ಕೆ ಗುರುತ್ವ ಅಲೆ ಬಡಿದರೆ ಅದು ಗಂಟೆಯಂತೆ ಕ್ರಮೇಣ ಕುಗ್ಗುವ ನಾದ ಹೊರಡಿಸುತ್ತದೆ ಎಂಬುದನ್ನು ಗಣಕದ ಲೆಕ್ಕದಿಂದ ತೋರಿಸಿದರು. ಅವರೇ ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. 2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆ ಮೊದಲ ಬಾರಿ ಸಿಕ್ಕಿದಾಗ ಅದರ ಕೊನೆಯ ಭಾಗ ಆ ನಾದಕ್ಕೆ ಹೊಂದುವಂತೆಯೇ ಇತ್ತು. ಈ ವಿದ್ಯೆಯ ಲೆಕ್ಕಗಳು ಆರೇಳು ಪಟ್ಟು ನಿಧಾನವಾದರೆ ಅದು ಗಣಕ ಎಂಜಿನಿಯರರ ಮನೆಯೊಳಗಿನ ವಿಷಯವಾಗಿ ಉಳಿಯುವುದಿಲ್ಲ.

ತಿದ್ದುಪಡಿ ಮಾಡಿದ ವ್ಲಾಸ್ಟಿಮಿಲ್ ಬಾಬ್ಕಾ ತಮ್ಮ ಟಿಪ್ಪಣಿಯಲ್ಲಿ ಒಂದು ಅಮೂಲ್ಯವಾದ ಅಂಕಿ ಕೊಟ್ಟಿದ್ದಾರೆ: ಈ ಪ್ರೋಗ್ರಾಂ 4632 ಕಿಲೋಬೈಟ್‌ನ ಬಹಳಷ್ಟು ತುಂಡುಗಳನ್ನು ಕೇಳುತ್ತದೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಟಿಪ್ಪಣಿ ಅದನ್ನು ಹೇಳುವುದಿಲ್ಲ. ಭೌತವಿಜ್ಞಾನಿಗೆ ಊಹಿಸುವುದು ಕಷ್ಟವಲ್ಲ. ಮೂರು ಆಯಾಮದ ಜಾಲದಲ್ಲಿ ಪ್ರತಿ ದಿಕ್ಕಿಗೆ 84 ಬಿಂದುಗಳೆಂದು ತಿಳಿಯೋಣ. 84ರ ಘನ 5,92,704. ಪ್ರತಿ ಬಿಂದುವಿಗೆ 8 ಬೈಟ್‌ನ ಒಂದು ದಶಮಾಂಶ ಸಂಖ್ಯೆ. ಒಟ್ಟು 47,41,632 ಬೈಟ್. ಇದನ್ನು 4 ಕಿಲೋಬೈಟ್ ಪುಟಗಳಿಗೆ ಏರಿಸಿದರೆ 1158 ಪುಟ, ಅಂದರೆ ಸರಿಯಾಗಿ 4632 ಕಿಲೋಬೈಟ್. ಇದು ನನ್ನ ಲೆಕ್ಕ. ಇಷ್ಟು ನಿಖರವಾಗಿ ಹೊಂದುವುದು ಕಾಕತಾಳೀಯ ಎಂದು ನನಗನ್ನಿಸುವುದಿಲ್ಲ. ಒಂದೊಂದು ತುಂಡು ಒಂದೊಂದು ಭೌತರಾಶಿ. ಬಿಎಸ್‌ಎಸ್‌ಎನ್ ಕ್ರಮದಲ್ಲಿ ಇಂಥ ರಾಶಿಗಳು 17. ನಿರ್ದೇಶಾಂಕ ಆರಿಸುವ ನಾಲ್ಕು ಸೇರಿದರೆ 21. ಹಿಂದಿನ ಕಾಲಹಂತದ ಪ್ರತಿಗಳು, ನಡುವಿನ ಲೆಕ್ಕಗಳು ಬೇರೆ.

ಹಳೆಯ ಕರ್ನೆಲ್‌ನಲ್ಲಿ ಈ 21 ತುಂಡುಗಳು ಒಂದಕ್ಕೊಂದು ತಗುಲಿ ಕುಳಿತು, ಒಂದೇ ದೊಡ್ಡ ಹೊಲವಾಗುತ್ತಿದ್ದವು. ಒಟ್ಟು 97,272 ಕಿಲೋಬೈಟ್. ತುದಿಗಳನ್ನು ಬಿಟ್ಟು ಎಲ್ಲವೂ ದೊಡ್ಡ ಪುಟ, ಸುಮಾರು 47 ನಮೂದುಗಳಲ್ಲಿ ಮುಗಿಯಿತು. ಹೊಸ ನಿಯಮದಲ್ಲಿ ಪ್ರತಿ ತುಂಡೂ 2 ಮೆಗಾಬೈಟ್ ಗಡಿಯಿಂದ ಆರಂಭ. 4632 ಕಿಲೋಬೈಟ್‌ನಲ್ಲಿ ಎರಡು ದೊಡ್ಡ ಪುಟ ಹೋಗಿ 536 ಕಿಲೋಬೈಟ್ ಉಳಿಯುತ್ತದೆ. ಅದನ್ನು 134 ಚಿಕ್ಕ ಪುಟಗಳಿಂದ ತುಂಬಬೇಕು. ನಂತರ 1512 ಕಿಲೋಬೈಟ್ ಬೀಳುನೆಲ, ಆಮೇಲೆ ಮುಂದಿನ ತುಂಡು. 21 ತುಂಡುಗಳಿಗೆ 42 ದೊಡ್ಡ ಪುಟ ಮತ್ತು 2814 ಚಿಕ್ಕ ಪುಟ. ದೊಡ್ಡ ಪುಟಗಳನ್ನು ಹೆಚ್ಚಿಸಲು ತಂದ ನಿಯಮ ಅವನ್ನು ಕಡಿಮೆ ಮಾಡಿ, ಚಿಕ್ಕ ಪುಟಗಳ ರಾಶಿ ಹಾಕಿತು. ಒಂದೇ ಒಂದು ತುಂಡು ಕೇಳಿದವನಿಗೆ ಆ ನಿಯಮ ಲಾಭ. ಒಂದೇ ಅಳತೆಯ ಹಲವು ತುಂಡು ಕೇಳಿದವನಿಗೆ ನಷ್ಟ. ಮೂಲ ಬದಲಾವಣೆಯ ದೋಷ ಇಲ್ಲಿದೆ: ಅದು ಒಂದು ಕೋರಿಕೆಯನ್ನು ಒಂಟಿಯಾಗಿ ನೋಡಿತು, ನೆರೆಹೊರೆಯನ್ನು ನೋಡಲಿಲ್ಲ.

ಇಷ್ಟೇ ಆಗಿದ್ದರೆ ಆರೇಳು ಪಟ್ಟು ನಿಧಾನವಾಗಲಾರದು ಎಂದು ತೋರುತ್ತದೆ. ಮುಖ್ಯ ಶಂಕೆ ಇನ್ನೊಂದು ಕಡೆ ಇದೆ. ಅದನ್ನು ನಮ್ಮ ಭಾಗದ ಉದಾಹರಣೆಯಿಂದ ಹೇಳುವುದು ಸುಲಭ. ಅಥಣಿ, ಕಾಗವಾಡ, ರಾಯಬಾಗ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್ ಟ್ರಾಲಿಗಳ ಸಾಲು ನಿಂತಿರುವುದನ್ನು ಎಲ್ಲರೂ ಕಂಡಿದ್ದಾರೆ. ಒಂದು ಕಾರ್ಖಾನೆಯಲ್ಲಿ ಹತ್ತು ತೂಕದ ಕಾಟಾ ಇವೆ, ಚೀಟಿಯ ಕೊನೆಯ ಅಂಕಿ ನೋಡಿ ಟ್ರಾಲಿ ಆಯಾ ಕಾಟಾಕ್ಕೆ ಹೋಗಬೇಕು, ಪ್ರತಿ ಕಾಟಾದ ಮುಂದೆ ಎಂಟು ಟ್ರಾಲಿಗೆ ಮಾತ್ರ ಜಾಗ ಎಂದು ಕಲ್ಪಿಸಿಕೊಳ್ಳಿ. ಚೀಟಿ ಸರಣಿಯಾಗಿ ಹಂಚಿದರೆ ಟ್ರಾಲಿಗಳು ಹತ್ತೂ ಕಡೆ ಚದುರುತ್ತವೆ. ಲೆಕ್ಕ ಇಡಲು ಅನುಕೂಲವೆಂದು ಗುಮಾಸ್ತನೊಬ್ಬ ಪ್ರತಿ ರೈತನ ಚೀಟಿಯೂ ಸೊನ್ನೆಯಿಂದ ಕೊನೆಗೊಳ್ಳುವ ಸಂಖ್ಯೆಯಿಂದಲೇ ಆರಂಭವಾಗಲಿ ಎಂದರೆ? ಎಲ್ಲ ರೈತರ ಮೊದಲ ಟ್ರಾಲಿಗಳೂ ಒಂದೇ ಕಾಟಾಕ್ಕೆ, ಎರಡನೆಯವೆಲ್ಲ ಇನ್ನೊಂದಕ್ಕೆ. ಒಂದು ಕಡೆ ನೂಕುನುಗ್ಗಲು, ಒಂಬತ್ತು ಕಾಟಾ ಖಾಲಿ.

ಸಂಸ್ಕಾರಕದ ಕ್ಯಾಶ್ ಹೀಗೆಯೇ ಕೆಲಸ ಮಾಡುತ್ತದೆ. ಎಎಮ್‌ಡಿಯ ಝೆನ್ 2, ಝೆನ್ 3 ಸಂಸ್ಕಾರಕಗಳಲ್ಲಿ ಎರಡನೆಯ ಹಂತದ ಕ್ಯಾಶ್ 512 ಕಿಲೋಬೈಟ್. 64 ಬೈಟ್‌ನ ಗೂಡುಗಳು, 1024 ಸಾಲು, ಪ್ರತಿ ಸಾಲಿಗೆ 8 ಗೂಡು. ಸರಳ ಮಾದರಿಯಲ್ಲಿ ವಿಳಾಸದ ಕೆಳಗಿನ ಅಂಕಿಗಳೇ ಸಾಲನ್ನು ನಿರ್ಧರಿಸುತ್ತವೆ. 64 ಕಿಲೋಬೈಟ್ ದೂರದ ಎರಡು ವಿಳಾಸಗಳು ಒಂದೇ ಸಾಲಿಗೆ ಬೀಳುತ್ತವೆ. ಈಗ ಗುರುತ್ವದ ಲೆಕ್ಕ ನೋಡಿ. ಜಾಲದ ಒಂದು ಬಿಂದುವಿನಲ್ಲಿ ಮುಂದಿನ ಕಾಲಹಂತ ತಿಳಿಯಲು ಅದೇ ಬಿಂದುವಿನ 21 ರಾಶಿಗಳೂ ಬೇಕು. ಎಲ್ಲ ತುಂಡುಗಳೂ 2 ಮೆಗಾಬೈಟ್ ಗಡಿಯಿಂದ ಆರಂಭವಾದರೆ, ದೊಡ್ಡ ಪುಟಗಳ ಒಳಗೆ, ಆ 21ಕ್ಕೂ ಒಂದೇ ಸಾಲು. ಎಂಟು ಗೂಡಿಗೆ 21 ಜನ. ಒಬ್ಬನನ್ನು ಕೂರಿಸಲು ಇನ್ನೊಬ್ಬನನ್ನು ಎಬ್ಬಿಸಬೇಕು, ಎದ್ದವನೇ ಮರುಗಳಿಗೆಯಲ್ಲಿ ಮತ್ತೆ ಬೇಕು. ತುಂಡುಗಳು ತಗುಲಿಕೊಂಡೇ ಇದ್ದರೆ? 4632ನ್ನು 64ರಿಂದ ಭಾಗಿಸಿದರೆ ಶೇಷ 24. ಆದ್ದರಿಂದ ಒಂದೊಂದು ತುಂಡೂ ಹಿಂದಿನದಕ್ಕಿಂತ 24 ಕಿಲೋಬೈಟ್ ಸರಿದು ನಿಲ್ಲುತ್ತದೆ: 0, 24, 48, 8, 32, 56, 16, 40, ಮತ್ತೆ 0. ಎಂಟು ಬೇರೆ ಬೇರೆ ಜಾಗ. 21 ರಾಶಿಗಳು ಎಂಟು ಸಾಲಿಗೆ ಹಂಚಿದರೆ ಒಂದರಲ್ಲಿ ಹೆಚ್ಚೆಂದರೆ ಮೂರು. ಎಲ್ಲರೂ ಆರಾಮವಾಗಿ ಕೂರುತ್ತಾರೆ.

ಮೊದಲ ಹಂತದ ಕ್ಯಾಶ್‌ನಲ್ಲಿ ಸ್ಥಿತಿ ಬೇರೆ ಎಂಬುದನ್ನು ಗಮನಿಸಬೇಕು. ಅಲ್ಲಿ 64 ಸಾಲು, 4 ಕಿಲೋಬೈಟ್‌ಗೊಮ್ಮೆ ಪುನರಾವರ್ತನೆ. ಹಳೆಯ ಕರ್ನೆಲ್‌ನಲ್ಲೂ ಹೊಸದರಲ್ಲೂ ತುಂಡುಗಳು ಪುಟದ ಗಡಿಯಿಂದಲೇ ಆರಂಭವಾಗುವುದರಿಂದ ಅಲ್ಲಿಯ ನೂಕುನುಗ್ಗಲು ಮೊದಲೂ ಇತ್ತು, ನಂತರವೂ ಇತ್ತು. ವ್ಯತ್ಯಾಸಕ್ಕೆ ಕಾರಣ ಹುಡುಕುವವನು ಎರಡನೆಯ ಹಂತದ ಕ್ಯಾಶ್‌ನತ್ತ ಅಥವಾ ಟಿಎಲ್‌ಬಿಯತ್ತ ನೋಡಬೇಕು.

ಬಾಬ್ಕಾ ಅವರ ತಿದ್ದುಪಡಿ ಬಹಳ ಸರಳ. ಮೊದಲಿನ ಷರತ್ತು: ಕೋರಿಕೆ 2 ಮೆಗಾಬೈಟ್‌ಗೆ ಕಡಿಮೆಯಿರದಿದ್ದರೆ ಗಡಿಗೆ ಹೊಂದಿಸು. ಹೊಸ ಷರತ್ತು: ಕೋರಿಕೆ 2 ಮೆಗಾಬೈಟ್‌ನ ಪೂರ್ಣ ಗುಣಕವಾಗಿದ್ದರೆ ಮಾತ್ರ ಹೊಂದಿಸು. 4632 ಗುಣಕವಲ್ಲ, ಆದ್ದರಿಂದ ಹಳೆಯಂತೆ ತಗುಲಿಸಿ ಕೊಡು. ಇದು 2024ರ ನವೆಂಬರ್ 17ರಂದು ಬಿಡುಗಡೆಯಾದ ಲಿನಕ್ಸ್ 6.12ರೊಳಗೆ ಸೇರಿತು. ಪೂರ್ತಿ ಹಿಂತೆಗೆಯುವುದು ಸುಲಭವಿತ್ತು, ಅದಕ್ಕೆ 2022ರ ಪೂರ್ವನಿದರ್ಶನವೂ ಇತ್ತು. ಹಾಗೆ ಮಾಡದೆ, ಲಾಭವಾಗುವ ಸಂದರ್ಭವನ್ನು ಉಳಿಸಿಕೊಂಡು ನಷ್ಟದ ಸಂದರ್ಭವನ್ನು ಕತ್ತರಿಸಿ ಹಾಕಿದ್ದು ವಿವೇಕದ ಕೆಲಸ. ಗುಣಕವಾದ ಅಳತೆಯ ತುಂಡುಗಳನ್ನು ಹೊಂದಿಸಿದರೂ ನಡುವೆ ಬೀಳುನೆಲ ಉಳಿಯುವುದಿಲ್ಲ, ಅವು ಒಂದಕ್ಕೊಂದು ಸೇರುತ್ತವೆ. ಷರತ್ತಿನ ಸೊಗಸು ಅದರಲ್ಲಿದೆ. ನಾನು ಇದನ್ನು ಒಳ್ಳೆಯ ತಿದ್ದುಪಡಿ ಎಂದೇ ಎಣಿಸುತ್ತೇನೆ. ಆದರೂ ಮೂರು ಆಕ್ಷೇಪಗಳಿವೆ.

ಒಂದು, ಕಾರಣ ಪೂರ್ತಿ ಸಿದ್ಧವಾಗಿಲ್ಲ. ನಿಧಾನಕ್ಕೆ ಕಾರಣ ಟಿಎಲ್‌ಬಿ ಅಥವಾ ಕ್ಯಾಶ್‌ನ ಇಕ್ಕಟ್ಟು ಎಂದು ತೋರುತ್ತದೆ ಎಂಬಷ್ಟಕ್ಕೆ ಬಾಬ್ಕಾ ನಿಲ್ಲುತ್ತಾರೆ. ಪ್ರಾಮಾಣಿಕತೆಗೆ ಮೆಚ್ಚಬೇಕು. ಆದರೆ ಎರಡರಲ್ಲಿ ಯಾವುದು? ಸಂಸ್ಕಾರಕಗಳಲ್ಲಿ ಕ್ಯಾಶ್ ತಪ್ಪುಗಳನ್ನೂ ಟಿಎಲ್‌ಬಿ ತಪ್ಪುಗಳನ್ನೂ ಬೇರೆ ಬೇರೆಯಾಗಿ ಎಣಿಸುವ ಮಾಪಕಗಳಿವೆ. ರೋಗ ನಿಂತಿತೆಂದರೆ ನಿದಾನ ಸರಿಯಿತ್ತು ಎಂದಾಗುವುದಿಲ್ಲ. ಇದಕ್ಕೆ ಎದುರಾಗಿ 2023ರ ಇನ್ನೊಂದು ಕರ್ನೆಲ್ ತಿದ್ದುಪಡಿಯನ್ನು ಇಟ್ಟು ನೋಡಬಹುದು. ಹಲವು ಸಂಸ್ಕಾರಕಗಳ ದೊಡ್ಡ ಯಂತ್ರಗಳಲ್ಲಿ ಪ್ರತಿ ಸಂಸ್ಕಾರಕಕ್ಕೆ ಹತ್ತಿರದ ಮೆಮೊರಿ ಒಂದು, ದೂರದ್ದು ಒಂದು. ಪುಟಗಳನ್ನು ಬಳಸುವವನ ಹತ್ತಿರ ಸಾಗಿಸಲು ಕರ್ನೆಲ್ ಆಗಾಗ ಮೆಮೊರಿಯ ತುಂಡುಗಳನ್ನು ಸುತ್ತಿ ನೋಡುತ್ತದೆ. ಈ ಸುತ್ತಾಟ ಕಡಿಮೆ ಮಾಡಲು ತಂದ ಒಂದು ಸುಧಾರಣೆಯಿಂದ ಕೆಲವು ಪ್ರೋಗ್ರಾಂಗಳು ನಿಧಾನವಾದವು. ಎಎಮ್‌ಡಿ ಕಂಪನಿಯ ಭಾರತೀಯ ಎಂಜಿನಿಯರರು ಕಾರಣವನ್ನು ತುಂಡು ತುಂಡಾಗಿ ಎಣಿಸಿ ತೋರಿಸಿದರು: ಮೊದಲ ಎರಡು ಸುತ್ತಿನಲ್ಲಿ ಮಾತ್ರ ಎಲ್ಲ ತುಂಡುಗಳನ್ನೂ ನೋಡುವ ನಿಯಮವಿತ್ತು, ಪ್ರೋಗ್ರಾಂ ಆರಂಭವಾಗಿ ಬಹಳ ಹೊತ್ತಿನ ನಂತರ ಹುಟ್ಟಿದ ತುಂಡುಗಳಿಗೆ ಆ ಸುತ್ತು ಸಿಗುತ್ತಲೇ ಇರಲಿಲ್ಲ. ಪ್ರತಿ ತುಂಡಿಗೂ ಅದು ಹುಟ್ಟಿದ ಸುತ್ತಿನ ಸಂಖ್ಯೆಯನ್ನು ಬರೆದಿಟ್ಟು, ಅಲ್ಲಿಂದ ಎರಡು ಸುತ್ತು ಎಣಿಸುವಂತೆ ಮಾಡಿದರು. ಅಲ್ಲಿ ಕಾರಣ, ಪುರಾವೆ, ಪರಿಹಾರ ಮೂರೂ ಒಂದೇ ದಾರದಲ್ಲಿವೆ. ನಮ್ಮ ಪ್ರಕರಣದಲ್ಲಿ ನಡುವಿನ ಮಣಿ ಸಡಿಲವಾಗಿದೆ.

ಎರಡು, ಹೊಸ ಷರತ್ತು ಮೂಲ ಉದ್ದೇಶದ ದೊಡ್ಡ ಪಾಲನ್ನು ಸದ್ದಿಲ್ಲದೆ ಕೈಬಿಟ್ಟಿದೆ. ಸಿ ಭಾಷೆಯ ಪ್ರೋಗ್ರಾಂ ಮ್ಯಾಲಕ್ ಎಂಬ ಆದೇಶದಿಂದ ಸರಿಯಾಗಿ 4 ಮೆಗಾಬೈಟ್ ಕೇಳಿದರೂ, ಲಿನಕ್ಸ್‌ನ ಸಾಮಾನ್ಯ ಗ್ರಂಥಾಲಯವಾದ ಜಿಲಿಬ್‌ಸಿ ತನ್ನ ಲೆಕ್ಕದ ತಲೆಬರಹಕ್ಕೆ 16 ಬೈಟ್ ಸೇರಿಸಿ, ಮುಂದಿನ ಪುಟಕ್ಕೆ ಏರಿಸಿ, ಕರ್ನೆಲ್‌ನಿಂದ 4100 ಕಿಲೋಬೈಟ್ ಕೇಳುತ್ತದೆ. ಅದು ಗುಣಕವಲ್ಲ! ಅಂದರೆ ಹೀಗೆ ನೇರವಾಗಿ ದೊಡ್ಡ ಸರಣಿ ಕೇಳುವ ಸಾಮಾನ್ಯ ಪ್ರೋಗ್ರಾಂಗೆ, ದುಂಡು ಸಂಖ್ಯೆ ಕೇಳಿದರೂ, ಗಡಿ ಹೊಂದಿಕೆ ಇಲ್ಲ. ನೂರಾರು ಮೆಗಾಬೈಟ್‌ನ ಸರಣಿಗೆ ಇದರಿಂದ ತುದಿಗಳಲ್ಲಿ ಅಲ್ಪ ನಷ್ಟ ಮಾತ್ರ. ಎರಡು ಮೂರು ಮೆಗಾಬೈಟ್‌ನ ಒಂಟಿ ಸರಣಿಗೆ, ನೆರೆಯ ತುಂಡಿನೊಂದಿಗೆ ಸೇರುವ ಅದೃಷ್ಟವಿಲ್ಲದಿದ್ದರೆ, ಒಂದೂ ದೊಡ್ಡ ಪುಟ ಸಿಗದೆ ಹೋಗಬಹುದು. ದುಂಡು ಅಳತೆಯಲ್ಲಿ ಮೆಮೊರಿ ತೆಗೆದುಕೊಂಡು ಒಳಗೆ ತಾವೇ ಹಂಚಿಕೊಳ್ಳುವ ಹಂಚಿಕೆ ವ್ಯವಸ್ಥೆಗಳಿಗೆ ಮಾತ್ರ ಲಾಭ ಉಳಿಯಿತು. ಕೋರಿಕೆಯ ಅಳತೆ ನೋಡಿ ಕೇಳುವವನ ಮನಸ್ಸು ಊಹಿಸುವ ಪದ್ಧತಿಯೇ ದುರ್ಬಲ. ಒಂದು ಊಹೆಯ ಜಾಗಕ್ಕೆ ಅದಕ್ಕಿಂತ ಒಳ್ಳೆಯ ಇನ್ನೊಂದು ಊಹೆ ಬಂದಿದೆ, ಅಷ್ಟೆ.

ಮೂರನೆಯ ಆಕ್ಷೇಪ ಕರ್ನೆಲ್‌ನವರ ಮೇಲೆ ಅಲ್ಲ, ನಮ್ಮ ಮೇಲೆ. 84ರ ಬದಲು ಜಾಲದಲ್ಲಿ ಪ್ರತಿ ದಿಕ್ಕಿಗೆ 128 ಬಿಂದುಗಳಿದ್ದರೆ? 128ರ ಘನವನ್ನು 8ರಿಂದ ಗುಣಿಸಿದರೆ ಸರಿಯಾಗಿ 16 ಮೆಗಾಬೈಟ್. ಇಂಥ 21 ತುಂಡುಗಳನ್ನು ಒಂದಕ್ಕೊಂದು ತಗುಲಿಸಿ ಕೂರಿಸಿದರೂ ಅವೆಲ್ಲ 64 ಕಿಲೋಬೈಟ್‌ನ ಗುಣಕ ದೂರದಲ್ಲೇ ಇರುತ್ತವೆ. ಹಳೆಯ ಕರ್ನೆಲ್, ಹೊಸ ಕರ್ನೆಲ್, ತಿದ್ದಿದ ಕರ್ನೆಲ್, ಯಾವುದರಲ್ಲೂ ನೂಕುನುಗ್ಗಲು ತಪ್ಪದು. (ಮ್ಯಾಲಕ್ ಸೇರಿಸುವ ಒಂದು ಪುಟ ಇಲ್ಲಿ ಉಪಕಾರ ಮಾಡುತ್ತದೆ, ಆ ಉಪಕಾರವೂ ಆಕಸ್ಮಿಕ.) ಅಂದರೆ 2024ಕ್ಕೆ ಮೊದಲು ಕ್ಯಾಕ್ಟುಬಿಎಸ್‌ಎಸ್‌ಎನ್ ವೇಗವಾಗಿ ಓಡುತ್ತಿದ್ದುದಕ್ಕೆ 84 ಎಂಬ ಸಂಖ್ಯೆಯ ಶೇಷ ಕಾರಣ. ಬದಲಾವಣೆ ಆ ಅದೃಷ್ಟವನ್ನು ಕಿತ್ತುಕೊಂಡಿತು, ತಿದ್ದುಪಡಿ ಅದನ್ನು ಮರಳಿಸಿತು. ಎರಡರ ಘಾತದ ಅಳತೆಯ ಸರಣಿಗಳು ಒಂದೇ ಸಾಲಿಗೆ ಬೀಳುತ್ತವೆ, ನಡುವೆ ಸ್ವಲ್ಪ ಖಾಲಿ ಜಾಗ ಬಿಟ್ಟು ಅವನ್ನು ಸರಿಸಬೇಕು ಎಂಬುದು ವೆಕ್ಟರ್ ಗಣಕಗಳ ಕಾಲದಿಂದ ಫೋರ್ಟ್ರಾನ್ ಬರೆಯುವವರಿಗೆ ಗೊತ್ತಿದ್ದ ಉಪಾಯ. ಆಗ ಕ್ಯಾಶ್ ಬದಲು ಮೆಮೊರಿಯ ಬ್ಯಾಂಕುಗಳಲ್ಲಿ ಇಕ್ಕಟ್ಟು, ಲೆಕ್ಕ ಅದೇ. ಕರ್ನೆಲ್‌ನವರು ಎಷ್ಟೇ ಜಾಣತನದಿಂದ ವಿಳಾಸ ಹಂಚಿದರೂ ಈ ಕೆಲಸವನ್ನು ಪ್ರೋಗ್ರಾಂ ಬರೆಯುವ ಭೌತವಿಜ್ಞಾನಿಯೇ ಮಾಡಬೇಕು.

ಇನ್ನು ಆರಂಭದ ಅಂಕಿಗೆ ಬರೋಣ. 3888.9 ಪ್ರತಿಶತ ಬಂದದ್ದು ಗುರುತ್ವದ ಲೆಕ್ಕದಿಂದ ಅಲ್ಲ, ಛಾಯಾಚಿತ್ರದಿಂದಲೂ ಅಲ್ಲ. ಆ ಪರೀಕ್ಷೆ ಮ್ಯಾಲಕ್ ಮೂಲಕ 128 ಮೆಗಾಬೈಟ್ ಕೇಳುತ್ತದೆ, ಏನೂ ಬಳಸದೆ ಹಿಂದಿರುಗಿಸುತ್ತದೆ, ಮತ್ತೆ ಕೇಳುತ್ತದೆ. ಇದನ್ನೇ ಯಂತ್ರದ ಎಲ್ಲ ಸಂಸ್ಕಾರಕಗಳೂ ಏಕಕಾಲಕ್ಕೆ ಮಾಡುತ್ತವೆ. ಮೆಮೊರಿಯನ್ನು ಬಳಸದಿದ್ದರೂ ಜಿಲಿಬ್‌ಸಿ ತುಂಡಿನ ಆರಂಭದಲ್ಲಿ ತಲೆಬರಹ ಬರೆಯಲೇಬೇಕು. ಅಷ್ಟಕ್ಕೆ ಒಂದು ಪುಟ ಬೇಕು. ಹೊಸ ಪುಟವನ್ನು ಕೊಡುವ ಮೊದಲು ಕರ್ನೆಲ್ ಅದನ್ನು ಸೊನ್ನೆಗಳಿಂದ ತುಂಬುತ್ತದೆ. ತುಂಡು 2 ಮೆಗಾಬೈಟ್ ಗಡಿಯಲ್ಲಿದ್ದರೆ ಕೊಡುವುದು ದೊಡ್ಡ ಪುಟ, ಸೊನ್ನೆ ತುಂಬುವ ಕೆಲಸ 512 ಪಟ್ಟು. ಹದಿನಾರು ಬೈಟ್ ಬರೆಯಲು 20 ಲಕ್ಷಕ್ಕೂ ಹೆಚ್ಚು ಬೈಟ್ ತೊಳೆಯಬೇಕು. ತಿದ್ದುಪಡಿಯ ನಂತರ 128 ಮೆಗಾಬೈಟ್ ಮತ್ತು 4 ಕಿಲೋಬೈಟ್ ಎಂಬ ಕೋರಿಕೆ ಗುಣಕವಲ್ಲದ್ದರಿಂದ ಗಡಿ ತಪ್ಪಿತು, ಚಿಕ್ಕ ಪುಟ ಸಿಕ್ಕಿತು. ನಲವತ್ತು ಪಟ್ಟು ಅಲ್ಲಿಂದ ಬಂತು.

ಹಾಗಾದರೆ ಈ ಪರೀಕ್ಷೆಯೂ ಕ್ಯಾಕ್ಟುಬಿಎಸ್‌ಎಸ್‌ಎನ್ ಕೂಡ ಒಂದೇ ಬದಲಾವಣೆಯಿಂದ, ಸಂಬಂಧವೇ ಇಲ್ಲದ ಎರಡು ಕಾರಣಗಳಿಂದ ನಿಧಾನವಾಗಿದ್ದವು. ಒಂದರ ಅಂಕಿ ಇನ್ನೊಂದರ ಮಹತ್ವಕ್ಕೆ ಸಾಕ್ಷಿಯಲ್ಲ. ನಿಜವಾಗಿ 128 ಮೆಗಾಬೈಟ್ ಬಳಸುವ ಪ್ರೋಗ್ರಾಂಗೆ ಆ ಸೊನ್ನೆ ತುಂಬುವ ಕೆಲಸ ಹೇಗೂ ಆಗಲೇಬೇಕಿತ್ತು, ದೊಡ್ಡ ಪುಟದಲ್ಲಿ ಅದು ಅಗ್ಗವೂ ಹೌದು. ಅಷ್ಟೇ ಅಲ್ಲ, ಈ ಅಂಕಿಯನ್ನು ತಿರುವಿ ಓದಿದರೆ ಅದು 97.5 ಪ್ರತಿಶತ ನಷ್ಟ. 2022ರಲ್ಲಿ ಇದೇ ಪರೀಕ್ಷಾ ವ್ಯವಸ್ಥೆ ತೋರಿಸಿದ ಸುಮಾರು 95 ಪ್ರತಿಶತ ನಷ್ಟವೂ ಈ ಜಾತಿಯದೇ. ನಷ್ಟವೆಂದಾಗ ಅಂಕಿ ನೂರು ದಾಟಲಾರದು, ಗಳಿಕೆಯೆಂದಾಗ ಅದಕ್ಕೆ ಮಿತಿಯಿಲ್ಲ. ತೊಂದರೆ ಬಂದಾಗ ಎರಡಂಕಿ, ಹೋದಾಗ ನಾಲ್ಕಂಕಿ. ಸುದ್ದಿಯಾದದ್ದು ಯಾವುದು ಎಂದು ಬೇರೆ ಹೇಳಬೇಕಿಲ್ಲ.

ನಷ್ಟ ಅನುಭವಿಸಿದವರ ಲೆಕ್ಕ ಮಾತ್ರ ಎಲ್ಲೂ ಇಲ್ಲ. 2017ರ ನವೆಂಬರ್‌ನಿಂದ ಜಗತ್ತಿನ ಅಗ್ರ 500 ಮಹಾಗಣಕಗಳೆಲ್ಲ ಲಿನಕ್ಸ್‌ನಲ್ಲೇ ಓಡುತ್ತಿವೆ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದ, 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗದಲ್ಲೂ ಲಿನಕ್ಸೇ. ಇಂಥ ಯಂತ್ರಗಳಲ್ಲಿ ಹೆಚ್ಚಾಗಿ ಹಳೆಯ, ಪಳಗಿದ ಕರ್ನೆಲ್ ಇಟ್ಟುಕೊಳ್ಳುವುದರಿಂದ ಅವು ಪಾರಾಗಿರುವ ಸಂಭವ ಹೆಚ್ಚು. ಆದರೆ ಹೊಸ ಉಬುಂಟು ಹಾಕಿಕೊಂಡು ಒಂದು ದಿನದ ಲೆಕ್ಕ ಒಂದು ವಾರ ಓಡುವುದನ್ನು ಕಂಡ ಸಂಶೋಧನ ವಿದ್ಯಾರ್ಥಿ ತನ್ನ ಪ್ರೋಗ್ರಾಂನಲ್ಲೇ ದೋಷ ಹುಡುಕುತ್ತ ಕೂತಿರಬಹುದು. ಕರ್ನೆಲ್ ಸಂಶಯಾಸ್ಪದ ಎಂದು ಯಾರಿಗೆ ಹೊಳೆಯುತ್ತದೆ? ಮೂಲ ಬದಲಾವಣೆಯನ್ನು ಎರಡನೆಯ ಬಾರಿ ಒಳಬಿಡುವ ಮೊದಲು ಒಂದೇ ಅಳತೆಯ ಹಲವು ಸರಣಿ ಬಳಸುವ ಒಂದು ವೈಜ್ಞಾನಿಕ ಪ್ರೋಗ್ರಾಂ ಓಡಿಸಿ ನೋಡಿದ್ದರೆ ಸಾಕಿತ್ತು. ಅಂಥ ಪ್ರೋಗ್ರಾಂ 2017ರಿಂದ ಪರೀಕ್ಷಾ ಗುಚ್ಛದಲ್ಲೇ ಇತ್ತು.

ಮೇಲಿನ ಲೆಕ್ಕವನ್ನು ನಂಬಬೇಕಾಗಿಲ್ಲ, ಯಾವ ಕಾಲೇಜಿನಲ್ಲೂ ಪರೀಕ್ಷಿಸಬಹುದು. ಸಿ ಭಾಷೆಯಲ್ಲಿ 2 ಮೆಗಾಬೈಟ್ ಗಡಿಯಿಂದ ಆರಂಭವಾಗುವ ಒಂದೇ ದೊಡ್ಡ ಮೆಮೊರಿ ತುಂಡು ತೆಗೆದುಕೊಳ್ಳಿ, ಅದಕ್ಕೆ ದೊಡ್ಡ ಪುಟ ಕೊಡುವಂತೆ ಕರ್ನೆಲ್‌ಗೆ ಸೂಚಿಸಿ, ಅದರೊಳಗೆ 21 ಸರಣಿಗಳ ಆರಂಭವನ್ನು ನೀವೇ ನಿರ್ಧರಿಸಿ. ಪ್ರತಿ ಹೆಜ್ಜೆಯಲ್ಲೂ 21 ಸರಣಿಗಳ ಅದೇ ಕ್ರಮಾಂಕದ ಸಂಖ್ಯೆಗಳನ್ನು ಕೂಡಿಸಿ, ಕಾಲ ಅಳೆಯಿರಿ. ಮೊದಲು ಸರಣಿಗಳ ನಡುವಿನ ಅಂತರ 6144 ಕಿಲೋಬೈಟ್ ಇರಲಿ, ಎರಡನೆಯ ಬಾರಿ 4632 ಕಿಲೋಬೈಟ್, ಮೂರನೆಯ ಬಾರಿ 4632 ಕಿಲೋಬೈಟ್ ಮತ್ತು 64 ಬೈಟ್. ಮೊದಲನೆಯದರಲ್ಲಿ ಎರಡೂ ಹಂತದ ಕ್ಯಾಶ್‌ಗಳಲ್ಲಿ ಇಕ್ಕಟ್ಟು, ಎರಡನೆಯದರಲ್ಲಿ ಮೊದಲ ಹಂತದಲ್ಲಿ ಮಾತ್ರ, ಮೂರನೆಯದರಲ್ಲಿ ಎಲ್ಲೂ ಇಲ್ಲ. ಕಾಲವೂ ಅದೇ ಕ್ರಮದಲ್ಲಿ ಇಳಿಯಬೇಕೆಂದು ನನ್ನ ನಿರೀಕ್ಷೆ. ಮೂರರಲ್ಲೂ ಮೆಮೊರಿ ದೊಡ್ಡ ಪುಟಗಳಲ್ಲೇ ಇರುವುದರಿಂದ ಚಿಕ್ಕ ಪುಟಗಳ ರಾಶಿ ಇಲ್ಲಿ ಅಡ್ಡ ಬರುವುದಿಲ್ಲ. ಮೊದಲ ಎರಡರ ನಡುವೆ ವ್ಯತ್ಯಾಸ ಕಾಣದಿದ್ದರೆ ಎರಡನೆಯ ಹಂತದ ಕ್ಯಾಶ್ ನಿರಪರಾಧಿ, ಬಾಬ್ಕಾ ಅವರ ಟಿಪ್ಪಣಿಯಲ್ಲಿರುವ ಎರಡು ಸಾಧ್ಯತೆಗಳಲ್ಲಿ ಟಿಎಲ್‌ಬಿಯ ಕಡೆ ತೂಕ ಹೆಚ್ಚಬೇಕಾಗುತ್ತದೆ.